ಪದೇ ಪದೇ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’: ಕೆಟ್ಟಿದ್ದು ಫೋನಾ, ಸಿಮ್ಮಾ, ಸಿಗ್ನಲ್ಲಾ?

ಪ್ರಶ್ನೆ: ನಾವು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯವರು. ಮನೆ ಗುಡ್ಡದ ಬುಡದಲ್ಲಿದೆ. ಎಂಟು ತಿಂಗಳ ಹಿಂದೆ ಮಗ ಹೊಸ ಆಂಡ್ರಾಯ್ಡ್ ಫೋನ್ ಕೊಡಿಸಿದ. ನನ್ನ ನಂಬರ್ ತುಂಬಾ ಹಳೆಯದು. ಬ್ಯಾಂಕ್, ಗ್ಯಾಸ್, ಆಧಾರ್ ಎಲ್ಲದಕ್ಕೂ ಅದೇ. ಹಾಗಾಗಿ ಹಳೇ ಸಿಮ್ಮನ್ನೇ ಅಂಗಡಿಯಲ್ಲಿ ಕತ್ತರಿಸಿ ಹೊಸ ಫೋನಿಗೆ ಹಾಕಿಸಿದೆ. ಈಗ ಮೂರು ತಿಂಗಳಿಂದ ದಿನಕ್ಕೆ ನಾಲ್ಕೈದು ಸಲ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ಬರುತ್ತದೆ. ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಮತ್ತೆ ಅದೇ ಕಥೆ. ಮೇಜಿನ ಮೇಲೆ ಇಟ್ಟರೆ ಸುಮ್ಮನಿರುತ್ತದೆ, ಬ್ಯಾಗಿನಿಂದ ತೆಗೆದರೆ ಹೋಗಿರುತ್ತದೆ. ತೀರ್ಥಹಳ್ಳಿ ಪೇಟೆಯಲ್ಲೂ ಹಾಗಾಗಿದೆ. ನೆಟ್ ಬಹಳ ನಿಧಾನ. ಸಿಗ್ನಲ್ ಪಕ್ಕ ಇಂಗ್ಲಿಷಿನ ‘ಇ’ ಅಕ್ಷರ ಕಾಣುತ್ತದೆ. ನಮ್ಮ ಯಜಮಾನರದೂ ಅದೇ ಕಂಪನಿಯ ಸಿಮ್. ಅವರ ಫೋನಿಗೆ ಈ ತೊಂದರೆ ಇಲ್ಲ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಮಾತ್ರ ಇಬ್ಬರದೂ ಹೋಗುತ್ತದೆ. ರಿಪೇರಿಯವರು ಬೋರ್ಡ್ ಹೋಗಿದೆ, 3,500 ರೂಪಾಯಿ ಆಗುತ್ತದೆ ಎಂದರು. ಪಕ್ಕದ ಮನೆಯ ಹುಡುಗ ಫ್ಯಾಕ್ಟರಿ ರೀಸೆಟ್ ಮಾಡೋಣ ಎನ್ನುತ್ತಾನೆ. ರೀಚಾರ್ಜ್ ಮುಗಿದಿರಬೇಕು ಎಂದವರೂ ಇದ್ದಾರೆ. ಅಳಿಯ ಮಾತ್ರ ನಂಬರ್ ಹ್ಯಾಕ್ ಆಗಿದೆ ಎಂದು ಹೆದರಿಸುತ್ತಾನೆ. ಇನ್ನೆರಡು ಗಂಟೆಯಲ್ಲಿ ನಿಮ್ಮ ಸಿಮ್ ಬಂದ್ ಆಗುತ್ತದೆ ಎಂದು ಒಂದು ಕರೆಯೂ ಬಂದಿತ್ತು. ಮನೆಯಲ್ಲಿ ಅಪ್ಪನಿಗೆ ಹೃದಯದ ಕಾಯಿಲೆ ಇದೆ. ರಾತ್ರಿ ಹೊತ್ತು ಫೋನ್ ಕೈಕೊಟ್ಟರೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳಿವೆ. ಹೊಸ ಫೋನ್ ಹಾಳಾಯಿತಾ? ನಂಬರ್ ಯಾರಾದರೂ ಕದ್ದರಾ? ಅಪ್ಪನಿಗೆ ತುರ್ತು ಬಂದರೆ ಕರೆ ಹೋಗುತ್ತದಾ? ಮೂರಕ್ಕೂ ಉತ್ತರ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಮಾತು, ಆ 3,500 ರೂಪಾಯಿ ಈಗಲೇ ಕೊಡಬೇಡಿ. ನೀವು ಬರೆದ ವಿವರಗಳಲ್ಲೇ ಮುಕ್ಕಾಲು ಉತ್ತರ ಇದೆ. ನನ್ನ ಅನುಮಾನ ಬೋರ್ಡಿನ ಮೇಲಲ್ಲ, ಆ ಕತ್ತರಿಸಿದ ಸಿಮ್ಮಿನ ಮೇಲೆ.

ಈ ಸಂದೇಶದ ಅರ್ಥವೇನು ಎಂದು ನೋಡೋಣ. ಫೋನ್ ಆನ್ ಆದ ಕೂಡಲೇ ಸುತ್ತ ಯಾವ ಯಾವ ಟವರ್ ಸಿಗುತ್ತದೆ ಎಂದು ಹುಡುಕುತ್ತದೆ. ನಿಮ್ಮ ಕಂಪನಿಯ ಟವರ್ ಸಿಕ್ಕಿದರೆ ಹೆಸರು ಸೇರಿಸಿಕೊಳ್ಳಿ ಎಂದು ಕೇಳುತ್ತದೆ. ಆಗ ಕಂಪನಿಯಿಂದ ಒಂದು ಸಂಖ್ಯೆ ಬರುತ್ತದೆ. ಸಿಮ್ಮಿನೊಳಗೆ ಒಂದು ಗುಟ್ಟಿನ ಕೀಲಿ ಇರುತ್ತದೆ, ಅದನ್ನು ಬಳಸಿ ಲೆಕ್ಕ ಹಾಕಿ ಸಿಮ್ ಉತ್ತರ ಕೊಡಬೇಕು. ಉತ್ತರ ತಾಳೆಯಾದರೆ ಮಾತ್ರ ನೀವು ಒಳಗೆ. ಟವರ್ ಸಿಕ್ಕಿದೆ, ಹೆಸರು ಮಾತ್ರ ಸೇರಿಲ್ಲ ಎಂದಾದರೆ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದು ಬರುತ್ತದೆ. ಬಸ್ಸು ಎದುರಿಗೇ ನಿಂತಿದೆ, ಕಂಡಕ್ಟರ್ ಮಾತ್ರ ಹತ್ತಿಸಿಕೊಳ್ಳುತ್ತಿಲ್ಲ, ಹಾಗೆ.

ಆ ಹೊತ್ತಿನಲ್ಲಿ ಫೋನ್ ಹಿಡಿದುಕೊಂಡಿರುವ ಟವರ್ ಬೇರೆ ಕಂಪನಿಯದೂ ಆಗಿರಬಹುದು. ನಿಮ್ಮ ಕಂಪನಿಯ ಸಿಗ್ನಲ್ ಚೂರೂ ಇಲ್ಲದ ಜಾಗದಲ್ಲಿ ಪಕ್ಕದ ಕಂಪನಿಯದು ಸಿಕ್ಕಿದರೂ ಇದೇ ಸಂದೇಶ. ಟವರ್ ಕಣ್ಣಿಗೆ ಕಾಣುತ್ತದೆ, ಆದರೂ ಹೀಗ್ಯಾಕೆ ಎಂದು ಸುಮಾರು ಜನ ಕೇಳುತ್ತಾರೆ. ಕಾಣುವ ಟವರಿನ ಮೇಲೆ ನಿಮ್ಮ ಕಂಪನಿಯ ಉಪಕರಣ ಇರಲೇಬೇಕು ಎಂದೇನಿಲ್ಲ.

ನಾನು ಕೌಂಟರಿನಲ್ಲಿ ಕೂತರೆ ಮೊದಲು ಕೇಳುವುದು, ಆ ಸಂದೇಶದ ಹಿಂದೆ ಮುಂದೆ ಇನ್ನೇನು ಬರೆದಿತ್ತು ಎಂದು. ಲಾಕ್ ಸ್ಕ್ರೀನಿನ ಮೇಲೆ ಚಿಕ್ಕ ಅಕ್ಷರದಲ್ಲಿ ‘ನೋ ಸಿಮ್ ಕಾರ್ಡ್’ ಎಂದಿದ್ದು, ಪಕ್ಕದಲ್ಲಿ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಎಂದಿದ್ದರೆ ಫೋನಿಗೆ ಸಿಮ್ಮೇ ಕಾಣುತ್ತಿಲ್ಲ. ಬರೀ ‘ಎಮರ್ಜೆನ್ಸಿ ಕಾಲ್ಸ್ ಓನ್ಲಿ’ ಇದ್ದರೆ ಸಿಮ್ ಕಾಣುತ್ತಿದೆ, ಹೆಸರು ಸೇರುತ್ತಿಲ್ಲ. ‘ನೋ ಸರ್ವೀಸ್’ ಎಂದಿದ್ದರೆ ಯಾವ ಟವರೂ ಸಿಕ್ಕಿಲ್ಲ. ಮೂರೂ ಬೇರೆ ಬೇರೆ ರೋಗ. ಮುಂದಿನ ಸಲ ಹೋದಾಗ ರೀಸ್ಟಾರ್ಟ್ ಮಾಡುವ ಮೊದಲು ಯಜಮಾನರ ಫೋನಿನಲ್ಲಿ ಆ ಪರದೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಅಂದಹಾಗೆ ಲಾಕ್ ಸ್ಕ್ರೀನಿನ ಕೆಳಗಡೆ ‘ಎಮರ್ಜೆನ್ಸಿ’ ಎಂಬ ಬಟನ್ ಸದಾ ಇರುತ್ತದೆ. ಅದನ್ನೇ ನೋಡಿ ಫೋನ್ ಕೆಟ್ಟಿತು ಎಂದು ಓಡಿ ಬಂದವರೂ ಇದ್ದಾರೆ. ಕೆಲವು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ‘ಎಮರ್ಜೆನ್ಸಿ ಮೋಡ್’ ಎಂದು ಬೇರೆಯೇ ಒಂದು ಸೌಲಭ್ಯ ಇದೆ. ಅದು ಪರದೆಯನ್ನು ಕಪ್ಪು ಮಾಡಿ ಬ್ಯಾಟರಿ ಉಳಿಸುತ್ತದೆ, ನೆಟ್‌ವರ್ಕಿಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನು ನಿಮಗೆ ಸಿಕ್ಕಿರುವ ಸಲಹೆಗಳ ವಿಷಯ.

ರೀಚಾರ್ಜ್ ಮುಗಿದರೆ ಹೀಗಾಗುವುದಿಲ್ಲ. ವ್ಯಾಲಿಡಿಟಿ ಮುಗಿದಾಗ ಕಂಪನಿ ಹೊರಹೋಗುವ ಕರೆ ನಿಲ್ಲಿಸುತ್ತದೆ, ಆಮೇಲೆ ಒಳಬರುವುದನ್ನೂ ನಿಲ್ಲಿಸುತ್ತದೆ. ಆದರೆ ಸಿಮ್ಮಿನ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಸಿಗ್ನಲ್ ಕಡ್ಡಿ ಕಾಣುತ್ತದೆ, ಕರೆ ಮಾಡಿದರೆ ರೀಚಾರ್ಜ್ ಮಾಡಿ ಎಂದು ಒಂದು ದನಿ ಹೇಳುತ್ತದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟು, ನಂಬರೇ ರದ್ದಾದರೆ ಮಾತ್ರ ಎಮರ್ಜೆನ್ಸಿಗೆ ಹೋಗುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮದ ಪ್ರಕಾರ 90 ದಿನ ಯಾವ ಬಳಕೆಯೂ ಇಲ್ಲದಿದ್ದರೆ ಮಾತ್ರ ಪ್ರೀಪೇಯ್ಡ್ ನಂಬರನ್ನು ರದ್ದು ಮಾಡಬಹುದು. ನೀವು ದಿನಾ ಬಳಸುತ್ತಿದ್ದೀರಿ, ಆ ಪ್ರಶ್ನೆಯೇ ಇಲ್ಲ.

ಅಳಿಯ ಹೇಳಿದ್ದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ನಿಮ್ಮ ಹೆಸರಿನಲ್ಲಿ ಯಾರೋ ಡೂಪ್ಲಿಕೇಟ್ ಸಿಮ್ ತೆಗೆಯುವ ಮೋಸ ನಿಜಕ್ಕೂ ಇದೆ. ಇಸಿಮ್‌ಗೆ, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್‌ಗೆ, ಬದಲಿಸಿಕೊಡುತ್ತೇವೆ ಎಂದು ಹೇಳಿ ಓಟಿಪಿ ಕೇಳಿ ನಂಬರನ್ನು ತಮ್ಮ ಫೋನಿಗೆ ಎಳೆದುಕೊಳ್ಳುವುದೂ ಇದೆ. ಆದರೆ ಆ ಮೋಸದ ಲಕ್ಷಣ ಬೇರೆ. ಹೊಸ ಸಿಮ್ ಚಾಲೂ ಆದ ಕ್ಷಣ ನಿಮ್ಮದು ಸತ್ತುಹೋಗುತ್ತದೆ. ಎಷ್ಟು ಸಲ ರೀಸ್ಟಾರ್ಟ್ ಮಾಡಿದರೂ ವಾಪಸ್ ಬರುವುದಿಲ್ಲ. ನಿಮ್ಮದು ದಿನಕ್ಕೆ ನಾಲ್ಕೈದು ಸಲ ಹೋಗಿ ನಾಲ್ಕೈದು ಸಲವೂ ಬರುತ್ತಿದೆ. ಕಳ್ಳ ಹಾಗೆ ವಾಪಸ್ ಕೊಡುವುದಿಲ್ಲ ಅಲ್ವಾ? ಮುಂದೆ ಯಾವತ್ತಾದರೂ ಹೋದ ಸಿಗ್ನಲ್ ಬರಲೇ ಇಲ್ಲ, ಯಜಮಾನರ ಫೋನ್ ಮಾತ್ರ ಸರಿಯಾಗಿದೆ ಎಂದಾದರೆ ಕಾಯಬೇಡಿ. ಅವರ ಫೋನಿನಿಂದಲೇ ಕಂಪನಿಗೂ ಬ್ಯಾಂಕಿಗೂ ಕರೆ ಮಾಡಿ ಸಿಮ್, ಖಾತೆ ಎರಡನ್ನೂ ತಡೆಹಿಡಿಸಿ. ದುಡ್ಡು ಹೋಗಿದ್ದರೆ ಆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ.

ಎರಡು ಗಂಟೆಯಲ್ಲಿ ಸಿಮ್ ಬಂದ್ ಎನ್ನುವ ಕರೆ ಶುದ್ಧ ಮೋಸ. ಟ್ರಾಯ್ ಯಾರಿಗೂ ಕರೆ ಮಾಡಿ ಸಿಮ್ ಕಟ್ ಮಾಡುತ್ತೇವೆ ಎಂದು ಹೇಳುವುದಿಲ್ಲ. ಆ ಕರೆ ನಿಮ್ಮ ಫೋನ್ ಕೆಟ್ಟ ಕಾಲಕ್ಕೇ ಬಂದದ್ದು ಕಾಕತಾಳೀಯ. ಇಂಥ ಕರೆಗಳಲ್ಲಿ ಒಂಬತ್ತು ಒತ್ತಿ ಎನ್ನುತ್ತಾರೆ, ನೀವು ಒತ್ತಿಲ್ಲ ಎಂದುಕೊಂಡಿದ್ದೇನೆ.

ಫ್ಯಾಕ್ಟರಿ ರೀಸೆಟ್ ಬೇಡ. ಫೋಟೋ, ಮೆಸೇಜ್, ಬ್ಯಾಂಕ್ ಆ್ಯಪ್ ಎಲ್ಲ ಅಳಿಸಿ ಮತ್ತೆ ಶುರು ಮಾಡಬೇಕಾಗುತ್ತದೆ, ಸಿಮ್ ಮಾತ್ರ ಇದ್ದ ಹಾಗೇ ಇರುತ್ತದೆ. ಏನಾದರೂ ಮಾಡಲೇಬೇಕು ಎನಿಸಿದರೆ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’ ಎಂದು ಬೇರೆ ಇದೆ. ಅದರಿಂದ ವೈಫೈ ಪಾಸ್‌ವರ್ಡ್‌ಗಳು, ಬ್ಲೂಟೂತ್ ಜೋಡಣೆಗಳು ಹೋಗುತ್ತವೆ, ಫೋಟೋ ಹೋಗುವುದಿಲ್ಲ. ಕೆಲವು ಫೋನ್‌ಗಳಲ್ಲಿ ಅಲ್ಲೇ ‘ಇಸಿಮ್ ಅಳಿಸಿ’ ಎಂಬ ಟಿಕ್ ಇರುತ್ತದೆ, ಇಸಿಮ್ ಇರುವವರು ಆ ಟಿಕ್ ತೆಗೆದುಬಿಡಬೇಕು.

ಸರಿ, ಕಾರಣ ಹುಡುಕುವುದು ಹೇಗೆ? ಸರ್ವೀಸ್ ಟೇಬಲ್ಲಿನ ಮೇಲೆ ನಾವು ಮೊದಲು ಸ್ಕ್ರೂ ಬಿಚ್ಚುವುದಿಲ್ಲ. ತೊಂದರೆ ಯಾರ ಹಿಂದೆ ಹೋಗುತ್ತದೆ ಎಂದು ನೋಡುತ್ತೇವೆ. ಸಿಮ್ಮನ್ನು ಬೇರೆ ಫೋನಿಗೆ ಹಾಕಿದಾಗ ತೊಂದರೆಯೂ ಜೊತೆಗೆ ಹೋದರೆ ತಪ್ಪು ಸಿಮ್ಮಿನದು. ಬೇರೆ ಸಿಮ್ ಹಾಕಿದರೂ ಅದೇ ಫೋನಿನಲ್ಲಿ ಉಳಿದರೆ ಫೋನಿನದು. ಒಂದೇ ಕಂಪನಿಯ ಎರಡು ಫೋನೂ ಒಂದೇ ಹೊತ್ತಿಗೆ ಹೋದರೆ ಟವರಿನದು. ಇಷ್ಟಕ್ಕೆ ಯಾವ ಯಂತ್ರವೂ ಬೇಡ. ಇದನ್ನು ಮಾಡದೆ ಬೋರ್ಡ್ ಹೋಗಿದೆ ಎಂದು ಹೇಳಿದರೆ ಅದು ಊಹೆ, ಅಷ್ಟೇ.

ನಿಮ್ಮ ವಿಷಯದಲ್ಲಿ ಅರ್ಧ ಪರೀಕ್ಷೆ ಸಾಕು. ಯಜಮಾನರ ಸಿಮ್ಮನ್ನು ನಿಮ್ಮ ಫೋನಿಗೆ ಹಾಕಿ ಒಂದೆರಡು ದಿನ ಓಡಾಡಿ, ಬ್ಯಾಗಿನಲ್ಲಿ ಇಟ್ಟುಕೊಂಡು ಪೇಟೆಗೂ ಹೋಗಿ ಬನ್ನಿ. ನಿಮ್ಮ ಸಿಮ್ಮನ್ನು ಮಾತ್ರ ಅವರ ಫೋನಿಗೆ ತುರುಕಬೇಡಿ. ಕತ್ತರಿಸಿದ ಸಿಮ್ ಸಿಕ್ಕಿಕೊಂಡರೆ ಆ ಫೋನಿನ ಸ್ಲಾಟೂ ಹೋಗುತ್ತದೆ. ಸಿಮ್ ಬದಲಿಸಿದ ಮೇಲೆ ಯುಪಿಐ ಆ್ಯಪ್ ತೆರೆದರೆ ಮತ್ತೆ ನೋಂದಣಿ ಮಾಡಿ ಎಂದು ಕೇಳಬಹುದು. ಗಾಬರಿಯಾಗಬೇಡಿ, ಏನೂ ಒತ್ತದೆ ಮುಚ್ಚಿಬಿಡಿ. ನಿಮ್ಮ ಸಿಮ್ ವಾಪಸ್ ಹಾಕಿದ ಮೇಲೆ ತೆರೆಯಿರಿ.

ನನ್ನ ಲೆಕ್ಕದಲ್ಲಿ ಯಜಮಾನರ ಸಿಮ್ ನಿಮ್ಮ ಫೋನಿನಲ್ಲಿ ಸರಿಯಾಗೇ ಓಡುತ್ತದೆ. ಯಾಕೆಂದರೆ ನೀವು ಕೊಟ್ಟ ಸುಳಿವುಗಳೆಲ್ಲ ಅದೇ ಕಡೆ ಬೊಟ್ಟು ಮಾಡುತ್ತವೆ. ತೀರ್ಥಹಳ್ಳಿ ಪೇಟೆಯಲ್ಲೂ ಹೋಗುತ್ತದೆ ಎಂದರೆ ಗುಡ್ಡವೊಂದೇ ಕಾರಣ ಅಲ್ಲ. ಮೇಜಿನ ಮೇಲೆ ಸರಿ, ಬ್ಯಾಗಿನಲ್ಲಿ ಅಲುಗಾಡಿದರೆ ಹೋಗುತ್ತದೆ ಎಂದರೆ ಎಲ್ಲೋ ಏನೋ ಸಡಿಲ ಇದೆ. ಇನ್ನು ಆ ‘ಇ’ ಅಕ್ಷರ, ಅದನ್ನು ಬರೆದು ಬಹಳ ಒಳ್ಳೆಯದು ಮಾಡಿದಿರಿ. ಅದು ಎಡ್ಜ್, ಅಂದರೆ 2ಜಿ. ಹೊಸ ಫೋನ್ ಇಟ್ಟುಕೊಂಡು ನೀವು ಹಳೇ ಕಾಲದ 2ಜಿಯಲ್ಲೇ ಇದ್ದೀರಿ. ಯಜಮಾನರ ಫೋನಿನಲ್ಲಿ 4ಜಿ ಎಂದು ಬರುತ್ತಿರಬೇಕು, ನೋಡಿ. ಒಂದೇ ಮನೆ, ಒಂದೇ ಕಂಪನಿ, ನಿಮಗೆ ಮಾತ್ರ 2ಜಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯಾರೂ 2ಜಿ ಎಂದು ಆರಿಸಿಲ್ಲದಿದ್ದರೆ ಕಾರಣ ಸಿಮ್ಮಿನ ವಯಸ್ಸು. 4ಜಿಗೆ ಸೇರಬೇಕಾದರೆ ಹೊಸ ತಲೆಮಾರಿನ ಸಿಮ್ಮೇ ಬೇಕು, 2ಜಿ ಕಾಲದ ಸಿಮ್ಮಿಗೆ ಆ ಬಾಗಿಲು ತೆರೆಯುವುದೇ ಇಲ್ಲ. ನಡುವೆ 3ಜಿ ಬೇರೆ ಮುಚ್ಚುತ್ತಾ ಬಂತು, ಏರ್‌ಟೆಲ್ 2020ರಲ್ಲೇ ನಿಲ್ಲಿಸಿತು. ಹಳೇ ಸಿಮ್ಮಿನವರಿಗೆ ಉಳಿದದ್ದು 2ಜಿ ಒಂದೇ. ಅದೂ ಎಲ್ಲಾ ಕಡೆ ಗಟ್ಟಿಯಾಗಿಲ್ಲ. ಸಿಗ್ನಲ್ ಸ್ವಲ್ಪ ಕೆಳಗಿಳಿದರೂ ಹಿಡಿಯಲು ಬೇರೆ ಗತಿ ಇಲ್ಲ, ಫೋನ್ ಎಮರ್ಜೆನ್ಸಿಗೆ ಜಾರುತ್ತದೆ.

ಸಡಿಲದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಜನ ಸಿಮ್ ಕತ್ತರಿಸುವಾಗ ಉದ್ದ ಅಗಲ ಮಾತ್ರ ನೋಡುತ್ತಾರೆ, ದಪ್ಪ ಮರೆಯುತ್ತಾರೆ. ಈಗಿನ ನ್ಯಾನೋ ಸಿಮ್ 12.3 ಮಿಲಿಮೀಟರ್ ಉದ್ದ, 8.8 ಮಿಲಿಮೀಟರ್ ಅಗಲ, ದಪ್ಪ 0.67 ಮಿಲಿಮೀಟರ್. ಹಳೇ ಸಿಮ್‌ಗಳ ದಪ್ಪ 0.76. ಕಟರ್‌ನಲ್ಲಿ ಕಚ್ ಎಂದು ಕತ್ತರಿಸಿದರೆ ಆಕಾರ ಸರಿಹೋಗುತ್ತದೆ, ದಪ್ಪ ಹಾಗೇ ಉಳಿಯುತ್ತದೆ. ಟ್ರೇಯನ್ನು ಒತ್ತಿ ತಳ್ಳಬೇಕಾಗುತ್ತದೆ. ಒಳಗೆ ಕೂದಲೆಳೆಯಂಥ ಸ್ಪ್ರಿಂಗ್ ಪಿನ್ನುಗಳಿವೆ. ಸಿಮ್ಮಿನ ಚಿನ್ನದ ಬಣ್ಣದ ಮಚ್ಚೆಗಳನ್ನು ಮುಟ್ಟಿ ಓದುವುದು ಅವೇ. ದಪ್ಪ ಸಿಮ್ ತುರುಕಿದಾಗ ಅವು ಬೇಕಾದ್ದಕ್ಕಿಂತ ಜಾಸ್ತಿ ಕುಗ್ಗುತ್ತವೆ. ಕೆಲವು ತಿಂಗಳಲ್ಲಿ ಸ್ಪ್ರಿಂಗಿನ ಬಿಗಿ ಹೋಗುತ್ತದೆ. ಮೊದಲ ಐದು ತಿಂಗಳು ಸರಿಯಾಗಿದ್ದು ಆಮೇಲೆ ಶುರುವಾಗಿದ್ದು ಇದಕ್ಕೇ ಇರಬೇಕು. ಒಂದು ಕ್ಷಣ ಸಂಪರ್ಕ ತಪ್ಪಿದರೂ ಫೋನ್ ಸಿಮ್ ತೆಗೆದಿದ್ದಾರೆ ಎಂದೇ ತಿಳಿಯುತ್ತದೆ. ಮತ್ತೆ ಓದುವುದು ಎಷ್ಟೋ ಸಲ ರೀಸ್ಟಾರ್ಟ್ ಆದಾಗಲೇ. ಆಫ್ ಆನ್ ಮಾಡಿದರೆ ಸರಿಹೋಗುವ ಮರ್ಮ ಇಷ್ಟೇ.

ಇಂಥ ಸಡಿಲಕ್ಕೆ ಸಿಮ್ಮಿನ ಹಿಂದೆ ಸೆಲ್ಲೋಟೇಪ್ ಅಂಟಿಸುವುದು, ಕಾಗದದ ಚೂರು ಮಡಿಸಿ ಇಡುವುದು ನಮ್ಮಲ್ಲಿ ಹಳೇ ಚಾಳಿ. ಎರಡು ದಿನ ಕೆಲಸ ಮಾಡುತ್ತದೆ, ಆಮೇಲೆ ಪಿನ್ ಪೂರ್ತಿ ಬಾಗುತ್ತದೆ. ಟೇಪಿನ ಅಂಟು ಬಿಸಿಗೆ ಕರಗಿ ಟ್ರೇ ಹೊರಗೇ ಬರದ ಫೋನ್‌ಗಳನ್ನು ಬಿಚ್ಚಿದ್ದೇನೆ. ಮರಳು ಕಾಗದದಲ್ಲಿ ಉಜ್ಜುವುದೂ ಬೇಡ. ಮೇಲಿನ ತೆಳು ಲೇಪ ಹೋದರೆ ಒಳಗಿನ ಲೋಹಕ್ಕೆ ಕಿಲುಬು ಹಿಡಿಯುತ್ತದೆ. ಒಣ ಹತ್ತಿಬಟ್ಟೆಯಲ್ಲಿ ಒರೆಸಿದರೆ ಸಾಕು.

ಹಾಗಾಗಿ ಮಾಡಬೇಕಾದ್ದು ಸಿಮ್ ಬದಲಿಸುವುದು. ನಂಬರ್ ಅದೇ ಇರುತ್ತದೆ, ಹೊಸ 4ಜಿ ಸಿಮ್ ಕೊಡುತ್ತಾರೆ. ಆಧಾರ್ ತೆಗೆದುಕೊಂಡು ಕಂಪನಿಯ ಸ್ವಂತ ಮಳಿಗೆಗೇ ಹೋಗಿ. ಛತ್ರಿ ಕೆಳಗೆ ಕೂತು ಸಿಮ್ ಮಾರುವವರ ಹತ್ತಿರ ಬೇಡ. ಸಿಮ್ ನಿಮ್ಮ ಹೆಸರಿನಲ್ಲೇ ಇರಬೇಕು. ಎಷ್ಟೋ ಹಳೇ ನಂಬರ್‌ಗಳು ಗಂಡನ ಹೆಸರಲ್ಲೋ, ಯಾರೋ ಅಂಗಡಿಯವರ ಹೆಸರಲ್ಲೋ ಇರುತ್ತವೆ. ಹಾಗಿದ್ದರೆ ಆ ಹೆಸರಿನವರೇ ಬರಬೇಕಾಗುತ್ತದೆ.

ಹೋಗುವ ಮೊದಲು ಎರಡು ಕೆಲಸ ಮಾಡಿ. ಹಳೇ ಸಿಮ್ ಅಂದಮೇಲೆ ಅದರೊಳಗೇ ನಂಬರ್‌ಗಳನ್ನು ಉಳಿಸಿರುತ್ತೀರಿ. ಕಾಂಟ್ಯಾಕ್ಟ್ಸ್ ಆ್ಯಪ್ ತೆರೆದು ಸಿಮ್ಮಿನಿಂದ ಫೋನಿಗೆ ಇಂಪೋರ್ಟ್ ಮಾಡಿಕೊಳ್ಳಿ. ಸಿಮ್ ಎಸೆದ ಮೇಲೆ ಅಯ್ಯೋ ಎಂದರೆ ಆ ನಂಬರ್‌ಗಳು ಕಂಪನಿಯ ಹತ್ತಿರ ಇರುವುದಿಲ್ಲ. ಎರಡನೆಯದು ದಿನ ನೋಡಿಕೊಳ್ಳುವುದು. ಹೊಸ ಸಿಮ್ ಚಾಲೂ ಆದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಡೂಪ್ಲಿಕೇಟ್ ಸಿಮ್ ಮೋಸ ತಡೆಯಲು ದೂರಸಂಪರ್ಕ ಇಲಾಖೆ ಮಾಡಿದ ನಿಯಮ ಇದು, ಒಳ್ಳೆಯ ನಿಯಮವೇ. ಆದರೆ ಆ ಒಂದು ದಿನ ಬ್ಯಾಂಕಿನ ಓಟಿಪಿ ಸಿಗುವುದಿಲ್ಲ. ಫೀಸ್ ಕಟ್ಟುವ ದಿನ, ಆಸ್ಪತ್ರೆಗೆ ಹೋಗುವ ದಿನ ಈ ಕೆಲಸ ಇಟ್ಟುಕೊಳ್ಳಬೇಡಿ. ಹೊಸದು ಚಾಲೂ ಆಗುವ ಹೊತ್ತಿಗೆ ಹಳೇ ಸಿಮ್ ‘ಎಮರ್ಜೆನ್ಸಿ’ ಎಂದು ತೋರಿಸುತ್ತದೆ. ಅದು ಸಹಜ, ಆಗ ಹೊಸದನ್ನು ಹಾಕಬೇಕು.

ಇಸಿಮ್ ಮಾಡಿಸಲಾ ಎಂದು ಕೇಳಬಹುದು. ಫೋನಿಗೆ ಆ ಸೌಲಭ್ಯ ಇದ್ದರೆ ಪಿನ್, ಟ್ರೇ ಯಾವ ತಲೆನೋವೂ ಇಲ್ಲ. ಆದರೆ ಫೋನ್ ನೀರಿಗೆ ಬಿದ್ದು ಸತ್ತರೆ ಸಿಮ್ ತೆಗೆದು ಯಜಮಾನರ ಹಳೇ ಫೋನಿಗೆ ಹಾಕಿಕೊಳ್ಳುವ ದಾರಿ ಇರುವುದಿಲ್ಲ. ಪೇಟೆಯಿಂದ ದೂರ ಇರುವ, ಮನೆಯಲ್ಲಿ ಕಾಯಿಲೆಯವರಿರುವ ನಿಮಗೆ ಕೈಯಲ್ಲಿ ಹಿಡಿಯುವ ಸಿಮ್ಮೇ ವಾಸಿ ಎನ್ನುವುದು ನನ್ನ ಅಭಿಪ್ರಾಯ.

ಹೊಸ ಸಿಮ್ ಬಂದ ಮೇಲೂ ಮನೆಯಲ್ಲಿ ಆಗಾಗ ಹೋದರೆ ಆಗ ಗುಡ್ಡದ ಕಡೆ ತಿರುಗೋಣ. ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಫೋನ್ ಒಂದೊಂದು ಥರ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’, ಅದರೊಳಗೆ ‘ಸಿಮ್ ಸ್ಟೇಟಸ್’ ನೋಡಿ. ಸಿಗ್ನಲ್ ಸ್ಟ್ರೆಂತ್ ಎಂದು ಮೈನಸ್ ಚಿಹ್ನೆಯ ಒಂದು ಸಂಖ್ಯೆ ಇರುತ್ತದೆ, ಪಕ್ಕದಲ್ಲಿ ಡಿಬಿಎಂ ಎಂದಿರುತ್ತದೆ. 4ಜಿಯಲ್ಲಿ ಮೈನಸ್ 90ರ ಆಸುಪಾಸು ಇದ್ದರೆ ಚೆನ್ನಾಗಿದೆ. ಮೈನಸ್ 110 ದಾಟಿದರೆ ಬಡಕಲು. ಮೈನಸ್ 120ರ ಹತ್ತಿರ ಹೋದರೆ ಫೋನ್ ಹಿಡಿಯಲೂ ಆಗದೆ ಬಿಡಲೂ ಆಗದೆ ಒದ್ದಾಡುತ್ತದೆ. ಅಡುಗೆಮನೆ, ಜಗಲಿ, ಮೇಲಿನ ಕೋಣೆಯ ಕಿಟಕಿ ಹೀಗೆ ಮನೆಯೆಲ್ಲ ಸುತ್ತಿ ಈ ಸಂಖ್ಯೆ ಬರೆದುಕೊಳ್ಳಿ. ನಾಲ್ಕು ಹೆಜ್ಜೆಗೆ ಹತ್ತು ಅಂಕ ಏರುಪೇರು ಆಗುವುದನ್ನು ನೀವೇ ನೋಡುತ್ತೀರಿ. ತಗಡಿನ ಮಾಡಿನ ಕೆಳಗೆ ಕಮ್ಮಿಯಾಗುವುದೂ ಗೊತ್ತಾಗುತ್ತದೆ.

ಕರೆಂಟ್ ಹೋದಾಗ ಇಬ್ಬರದೂ ಹೋಗುವುದಕ್ಕೆ ನಿಮ್ಮ ಫೋನಿನಲ್ಲಿ ಮದ್ದಿಲ್ಲ. ಟವರಿನ ಬ್ಯಾಟರಿ ಕೆಲವು ಗಂಟೆ ಎಳೆಯುತ್ತದೆ, ಆಮೇಲೆ ಡೀಸೆಲ್ ಜನರೇಟರ್ ಓಡಬೇಕು. ಆಗುಂಬೆ ಮಳೆಯಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೆ ಟವರೂ ಮಲಗುತ್ತದೆ. ಇದಕ್ಕೆ 198ಕ್ಕೆ ದೂರು ಕೊಡಿ, ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಆಗ ಆ ನಂಬರ್ ಬೇಕೇ ಬೇಕು. ಊರಿನ ಹತ್ತು ಮನೆಯವರು ಕೊಟ್ಟರೆ ಒಬ್ಬರು ಕೊಟ್ಟದ್ದಕ್ಕಿಂತ ಬೇಗ ಕೇಳಿಸುತ್ತದೆ.

ಸೆಟ್ಟಿಂಗ್ಸ್‌ನಲ್ಲಿ ನೋಡಬೇಕಾದ್ದು ಎರಡೇ. ಹೊಸ ಫೋನ್‌ಗಳು 5ಜಿ ಹುಡುಕುತ್ತಾ ಇರುತ್ತವೆ. ಗುಡ್ಡದ ಬುಡದಲ್ಲಿ ಅದರಿಂದ ಉಪಯೋಗಕ್ಕಿಂತ ಒದ್ದಾಟ ಜಾಸ್ತಿ. ‘ಪ್ರಿಫರ್ಡ್ ನೆಟ್‌ವರ್ಕ್ ಟೈಪ್’ನಲ್ಲಿ 4ಜಿ ಆರಿಸಿ, 4ಜಿಯಲ್ಲೇ ಮಾತಾಡಲು ಬಿಡುವ ವೋಲ್ಟಿ ಆನ್ ಇರಲಿ. ಇಲ್ಲದಿದ್ದರೆ ಕರೆ ಬಂದಾಗಲೆಲ್ಲ ಫೋನ್ ಮತ್ತೆ 2ಜಿಗೆ ಇಳಿಯಬೇಕಾಗುತ್ತದೆ. ಇನ್ನೊಂದು, ಹೆಚ್ಚು ಜನರಿಗೆ ಗೊತ್ತಿಲ್ಲದ್ದು. ಕಂಪನಿಯ ಕಡೆ ಏನೋ ಗೊಂದಲವಾಗಿ ಒಂದು ಸಲ ಸಿಮ್ಮನ್ನು ತಿರಸ್ಕರಿಸಿದರೆ, ಆ ನೆಟ್‌ವರ್ಕಿಗೆ ಹೋಗಬಾರದು ಎಂದು ಸಿಮ್ಮಿನೊಳಗೇ ಒಂದು ಪಟ್ಟಿಯಲ್ಲಿ ದಾಖಲಾಗುವುದುಂಟು. ಆಮೇಲೆ ಟವರ್ ಸರಿಯಿದ್ದರೂ ಫೋನ್ ತಾನಾಗಿ ಕೇಳುವುದೇ ಇಲ್ಲ. ಆಗ ನೆಟ್‌ವರ್ಕ್ ಆಯ್ಕೆಯಲ್ಲಿ ‘ಆಟೋಮ್ಯಾಟಿಕ್’ ತೆಗೆದು, ಪಟ್ಟಿ ಬರುವವರೆಗೆ ಕಾದು, ನಿಮ್ಮ ಕಂಪನಿಯ ಹೆಸರನ್ನು ಕೈಯಾರೆ ಒತ್ತಬೇಕು. ಸೇರಿದ ಮೇಲೆ ಮತ್ತೆ ಆಟೋಮ್ಯಾಟಿಕ್ ಹಾಕಿ. ಮರೆತರೆ ಬೇರೆ ರಾಜ್ಯಕ್ಕೆ ಹೋದಾಗ ಫಜೀತಿ.

ಮನೆಗೆ ಫೈಬರ್ ಇಂಟರ್ನೆಟ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ. ಟವರ್ ಸಿಗದಿದ್ದರೂ ಅದೇ ನಂಬರಿನಲ್ಲಿ ಕರೆ ಬರುತ್ತದೆ, ಹೋಗುತ್ತದೆ. ನಿಮ್ಮ ಕಂಪನಿ ಅದನ್ನು ಕೊಡುತ್ತದೆಯೇ ಎಂದು ಸಿಮ್ ತರಲು ಹೋದಾಗಲೇ ಕೇಳಿ. ರೌಟರಿಗೆ ಇನ್ವರ್ಟರ್ ಲೈನ್ ಕೊಡದಿದ್ದರೆ ಕರೆಂಟ್ ಹೋದಾಗ ಇದೂ ಹೋಗುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಸಿಗ್ನಲ್ ಬೂಸ್ಟರ್ ಮಾತ್ರ ತರಿಸಬೇಡಿ. ಪರವಾನಗಿ ಇಲ್ಲದೆ ಅದನ್ನು ಹಾಕುವುದು ಕಾನೂನು ಪ್ರಕಾರ ತಪ್ಪು. ಅಗ್ಗದ ಬೂಸ್ಟರ್ ಟವರಿಗೇ ಗದ್ದಲ ಕಳಿಸುತ್ತದೆ. ನಿಮ್ಮ ಮನೆಯಲ್ಲಿ ಕಡ್ಡಿ ಏರಿ ಪಕ್ಕದ ಮನೆಗಳಲ್ಲಿ ಎಮರ್ಜೆನ್ಸಿ ಬರುತ್ತದೆ.

ಬಿಎಸ್ಸೆನ್ನೆಲ್ ಇಟ್ಟುಕೊಂಡಿರುವವರು ನಮ್ಮ ಮಲೆನಾಡಿನಲ್ಲಿ ಜಾಸ್ತಿ, ಅವರಿಗೊಂದು ಮಾತು. ಅದರ ಸ್ವದೇಶಿ 4ಜಿ 2025ರ ಸೆಪ್ಟೆಂಬರ್ 27ರಂದು ದೇಶಮಟ್ಟದಲ್ಲಿ ಉದ್ಘಾಟನೆಯಾಯಿತು. ಅದು ಓಡುವುದು 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿ. ಗುಡ್ಡ, ಗೋಡೆ ದಾಟಿ ದೂರ ಬರುವುದು 700ರದು, ಅದನ್ನು ಹಿಡಿಯಲು ಫೋನಿನಲ್ಲಿ ‘ಬ್ಯಾಂಡ್ 28’ ಎಂಬ ಸೌಲಭ್ಯ ಇರಬೇಕು. ಎಷ್ಟೋ ಹಳೇ ಫೋನ್‌ಗಳಲ್ಲಿ ಅದಿಲ್ಲ. ಸಿಮ್ಮನ್ನೂ 4ಜಿಗೆ ಬದಲಿಸಿಕೊಂಡಿರಬೇಕು. ಜಿಯೋದಲ್ಲಂತೂ 2016ರಿಂದಲೂ 2ಜಿ, 3ಜಿ ಇಲ್ಲವೇ ಇಲ್ಲ. ಎರಡನೇ ಸ್ಲಾಟಿನಲ್ಲಿ ಬರೀ 2ಜಿ ಇರುವ ಹಳೇ ಫೋನಿಗೆ ಆ ಸಿಮ್ ಹಾಕಿದರೆ ಸೇವೆ ಸಿಗುವುದಿಲ್ಲ.

ಈಗ ಫೋನೇ ಕೆಟ್ಟಿದ್ದರೆ ಎನ್ನುವ ಮಾತು. ಯಜಮಾನರ ಒಳ್ಳೆಯ ಸಿಮ್ ಹಾಕಿದರೂ ನಿಮ್ಮ ಫೋನಿನಲ್ಲಿ ಅದೇ ತೊಂದರೆ ಬಂದರೆ ಆಗ ಫೋನ್ ತೋರಿಸಿ. ಮೊದಲು ಹಿಂದಿನ ಕವರ್ ತೆಗೆದು ನೋಡಿ. ಲೋಹದ ಪಟ್ಟಿಯ ಕವರ್, ಅಯಸ್ಕಾಂತದ ಉಂಗುರ ಇವೆಲ್ಲ ಬಡಕಲು ಸಿಗ್ನಲ್ಲನ್ನು ಇನ್ನೂ ತಿನ್ನುತ್ತವೆ. ಆಮೇಲೆ ಡಯಲ್‌ನಲ್ಲಿ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ಬರಬೇಕು, ಎರಡು ಸಿಮ್ಮಿನ ಫೋನಿನಲ್ಲಿ ಎರಡು. ಖಾಲಿ ಬಂದರೆ, ಬರೀ ಸೊನ್ನೆ ಬಂದರೆ ಸಿಗ್ನಲ್ ಹಿಡಿಯುವ ರೇಡಿಯೋ ಭಾಗವೇ ಕೈಕೊಟ್ಟಿದೆ ಎಂದು ಅರ್ಥ. ಆಗ ಬೋರ್ಡ್ ಎಂದವರ ಮಾತು ನಿಜ. ಅಂಥ ಫೋನಿಗೆ ಹೊಸ ಐಎಂಇಐ ಬರೆದು ಕೊಡುತ್ತೇವೆ ಎನ್ನುವವರು ಇದ್ದಾರೆ, ಒಪ್ಪಬೇಡಿ. 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅದಕ್ಕೆ ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ನಿಮ್ಮದು ಹೊಸ ಫೋನ್, ಇದನ್ನು ಮುಖ್ಯವಾಗಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಹೇಳುತ್ತಿದ್ದೇನೆ. ಕದ್ದ ಫೋನಿನ ಐಎಂಇಐ ಅನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಮೂಲಕ ತಡೆಹಿಡಿದಿದ್ದರೆ ಅದು ದೇಶದ ಯಾವ ನೆಟ್‌ವರ್ಕಿಗೂ ಸೇರುವುದಿಲ್ಲ. ದುಡ್ಡು ಕೊಡುವ ಮೊದಲು ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದರೆ ಸ್ಥಿತಿ ತಿಳಿಯುತ್ತದೆ.

ನಿಮ್ಮ ಫೋನಿಗೆ ಇನ್ನೂ ವರ್ಷ ತುಂಬಿಲ್ಲ. ಸಾಮಾನ್ಯವಾಗಿ ವಾರಂಟಿ ಒಂದು ವರ್ಷ. ಹಾಗಾಗಿ ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಬೇಡಿ, ಬಿಚ್ಚಿದ ಗುರುತು ಕಂಡರೆ ಕಂಪನಿಯವರು ವಾರಂಟಿ ಇಲ್ಲ ಎನ್ನುತ್ತಾರೆ. ಒಂದು ಅಪಾಯ ಇದೆ, ಮೊದಲೇ ಹೇಳಿಬಿಡುತ್ತೇನೆ. ದಪ್ಪ ಸಿಮ್ಮಿನಿಂದ ಪಿನ್ ಬಾಗಿದ್ದರೆ ಅದನ್ನು ಬಳಸಿದವರ ತಪ್ಪು ಎಂದು ಎಣಿಸಿ ದುಡ್ಡು ಕೇಳಬಹುದು. ಎಷ್ಟು ಎಂದು ಬರೆದು ಕೊಡಿ ಎನ್ನಿ. ಸಿಮ್ ಸ್ಲಾಟ್ ಬದಲಿಸುವುದಕ್ಕೂ ಇಡೀ ಬೋರ್ಡ್ ಬದಲಿಸುವುದಕ್ಕೂ ಖರ್ಚಿನಲ್ಲಿ ಬಹಳ ವ್ಯತ್ಯಾಸ ಇದೆ, ಎರಡರಲ್ಲಿ ಯಾವುದು ಎಂದು ಬಿಡಿಸಿ ಕೇಳಿ. ಕೆಲವು ಫೋನ್‌ಗಳಲ್ಲಿ ಸ್ಲಾಟನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬೆಸುಗೆ ಬಿಡಿಸಿ ಹೊಸ ಸ್ಲಾಟ್ ಕೂರಿಸುವುದು ಕೈ ಪಳಗಿದವರ ಕೆಲಸ. ಬಿಸಿ ಜಾಸ್ತಿಯಾದರೆ ಪಕ್ಕದ ಚಿಪ್ಪುಗಳೂ ಹೋಗುತ್ತವೆ.

ಕೊನೆಗೆ ಅಪ್ಪನ ವಿಷಯ. ಪರದೆಯ ಮೇಲೆ ಎಮರ್ಜೆನ್ಸಿ ಎಂದು ಇದ್ದಾಗಲೂ 112ಕ್ಕೆ ಕರೆ ಮಾಡಬಹುದು, ಆ ಸಂದೇಶ ಹೇಳುವುದೇ ಅದನ್ನು. ಆ ಕರೆಯನ್ನು ಫೋನ್ ಯಾವ ಕಂಪನಿಯ ಟವರ್ ಸಿಕ್ಕಿದರೂ ಅದರ ಮೂಲಕ ಕಳಿಸಲು ನೋಡುತ್ತದೆ. ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಅದೇ ನಂಬರ್. ನಮ್ಮ ರೂಢಿ 108 ಒತ್ತುವುದು. ಸಿಗ್ನಲ್ ಸರಿಯಿದ್ದಾಗ 108 ಸರಿಯೇ. ಆದರೆ ಎಮರ್ಜೆನ್ಸಿ ಸ್ಥಿತಿಯಲ್ಲಿ ಎಲ್ಲ ಫೋನೂ 108ನ್ನು ತುರ್ತು ಕರೆ ಎಂದು ಗುರುತಿಸುತ್ತದೆ ಎಂದು ನಂಬಿ ಕೂರಬೇಡಿ. ಮನೆಯವರಿಗೆಲ್ಲ 112 ಎಂದೇ ಹೇಳಿಕೊಡಿ. ಸುಮ್ನೆ ಹೋಗುತ್ತದಾ ನೋಡೋಣ ಎಂದು ಮಾತ್ರ ಮಾಡಬೇಡಿ, ಆ ಕಡೆ ಕೂತವರಿಗೆ ನಿಜವಾದ ಕರೆಗಳು ಕಾದಿರುತ್ತವೆ.

‘ನೋ ಸರ್ವೀಸ್’ ಎಂದಿದ್ದರೆ 112 ಕೂಡ ಹೋಗುವುದಿಲ್ಲ. ಅದಕ್ಕೇ ಫೋನಿನ ಎರಡನೇ ಸ್ಲಾಟಿಗೆ ಬೇರೆ ಕಂಪನಿಯ ಒಂದು ಸಿಮ್ ಹಾಕಿಡಿ. ಗಂಡ ಹೆಂಡತಿ ಇಬ್ಬರದೂ ಒಂದೇ ಕಂಪನಿ ಆದ್ದರಿಂದ ಆ ಟವರ್ ಮಲಗಿದ ರಾತ್ರಿ ಮನೆಯಲ್ಲಿ ಎರಡು ಫೋನಿದ್ದೂ ಇಲ್ಲದ ಹಾಗೆ. ಯಾವ ಕಂಪನಿಯದು ಎಂದು ಜಾಹೀರಾತು ನೋಡಿ ಆರಿಸಬೇಡಿ. ಮನೆಗೆ ಬಂದ ನೆಂಟರ ಫೋನಿನಲ್ಲಿ ಆ ಡಿಬಿಎಂ ಸಂಖ್ಯೆ ನೋಡಿ, ಯಾರದು ಗಟ್ಟಿ ಇದೆಯೋ ಅದನ್ನೇ ತನ್ನಿ. ಕರೆಂಟ್ ಹೋದಾಗಲೂ ಒಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ಸಿಮ್ ತರುವಾಗ ನ್ಯಾನೋ ಸೈಜಿನದೇ ಕೇಳಿ ತನ್ನಿ, ಅಂಗಡಿಯಲ್ಲಿ ಕಟರ್ ತೆಗೆದರೆ ಬೇಡ ಎನ್ನಿ.